ಮೈಗ್ರೇನ್ ಮೂರು ದಿನ ಆದ್ರೂ ಬಿಡ್ತಿಲ್ಲ, ಎಷ್ಟು ಹೊತ್ತು ಇದ್ರೆ ನಾರ್ಮಲ್?

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಂಗೆ 38 ವರ್ಷ, ಶಿವಮೊಗ್ಗ ಹತ್ರ ಒಂದು ಪ್ರೈಮರಿ ಸ್ಕೂಲಲ್ಲಿ ಟೀಚರ್. ಕಾಲೇಜು ದಿನಗಳಿಂದ್ಲೂ ಅರೆತಲೆನೋವು ಇದೆ, ಆಗೆಲ್ಲ ಬೆಳಿಗ್ಗೆ ಶುರುವಾದ್ರೆ ಸಂಜೆ ಹೊತ್ತಿಗೆ ಒಂದು ವಾಂತಿ ಆಗಿ, ಮಲಗಿ ಎದ್ರೆ ಮುಗೀತಿತ್ತು. ಈಗ ಒಂದು ವರ್ಷದಿಂದ ಎರಡು ದಿನ, ಮೂರು ದಿನ ಎಳೀತಿದೆ. ಹೋದ ವಾರ ಭಾನುವಾರ ಸಂಜೆ ಎಡಗಣ್ಣಿನ ಹಿಂದೆ ಸಣ್ಣಗೆ ಶುರುವಾಯ್ತು, ನಾಳೆ ಸರಿಹೋಗುತ್ತೆ ಅಂತ ಶುಂಠಿ ಕಷಾಯ ಕುಡಿದು ಮಲಗಿದೆ. ಸೋಮವಾರ ಕ್ಲಾಸಲ್ಲಿ ಮಕ್ಕಳು ಮಗ್ಗಿ ಹೇಳ್ತಿದ್ರೆ ಒಂದೊಂದು ಅಕ್ಷರಾನೂ ತಲೆಯೊಳಗೆ ಮೊಳೆ ಹೊಡೆದಂಗೆ ಆಗ್ತಿತ್ತು, ಬಿಸಿಯೂಟದ ಒಗ್ಗರಣೆ ವಾಸನೆ ಬಂದಿದ್ದೇ ತಡ ಹೊರಗೋಡಿ ವಾಂತಿ ಮಾಡ್ಕೊಂಡೆ. ಮಧ್ಯಾಹ್ನ ಒಂದು ಪ್ಯಾರಾಸಿಟಮಾಲ್ ನುಂಗಿದೆ, ಅದೂ ಹೊಟ್ಟೇಲಿ ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆ ನೋವು ಹೋಯ್ತು, ಆದ್ರೆ ಗುರುವಾರದ ತನಕ ತಲೆ ಮಂಕು, ಹಾಜರಿ ಕೂಗ್ತಾ ದಿನಾ ನೋಡೋ ಮಕ್ಕಳ ಹೆಸರೇ ತಪ್ಪು ಹೇಳ್ತಿದ್ದೆ.

ನಾನು ಮಾತ್ರೆ ತಗೊಳ್ಳೋದು ತೀರಾ ತಡ್ಕೊಳಕ್ಕೆ ಆಗದೇ ಇದ್ದಾಗ ಮಾತ್ರ. ಅತ್ತೆ ಹೇಳ್ತಾರೆ ಮಾತ್ರೆ ಅಭ್ಯಾಸ ಆಗಿಬಿಡುತ್ತೆ ಅಂತ, ನಂಗೂ ಅದೇ ಭಯ. ಎರಡು ವರ್ಷದ ಹಿಂದೆ ಸ್ಕ್ಯಾನ್ ಮಾಡ್ಸಿದ್ವಿ, ಏನೂ ಇಲ್ಲ, ಮೈಗ್ರೇನ್ ಅಂತ ಹೇಳಿದ್ರು ಅಷ್ಟೆ. ಕೇಳ್ಬೇಕಾಗಿರೋದು ಇಷ್ಟು: ಒಂದು ಅಟ್ಯಾಕ್ ಅಂದ್ರೆ ಎಲ್ಲಿಂದ ಎಲ್ಲಿಗೆ ಲೆಕ್ಕ? ನಿಮ್ಗೆಲ್ಲ ಎಷ್ಟು ಹೊತ್ತು ಇರುತ್ತೆ? ಇದನ್ನ ಚಿಕ್ಕದು ಮಾಡ್ಕೊಳಕ್ಕೆ ಏನಾದ್ರೂ ದಾರಿ ಇದ್ಯಾ, ಆಸ್ಪತ್ರೆಗೆ ಯಾವಾಗ ಓಡಬೇಕು?

---

ಕುಕ್ಕರಹಳ್ಳಿ ವಾಕರ್:

ಮೇಡಂ, ನಿಮ್ಮ ಪೋಸ್ಟ್ ಓದ್ತಾ ನನ್ನ ಐದು ವರ್ಷದ ಹಿಂದಿನ ಕಥೆನೇ ಓದ್ದಂಗಾಯ್ತು.

ಮೊದ್ಲು ಲೆಕ್ಕ. ದೊಡ್ಡವರಲ್ಲಿ ಮೈಗ್ರೇನ್ ನೋವು 4 ಗಂಟೆಯಿಂದ 72 ಗಂಟೆ ತನಕ ಇರಬಹುದು ಅಂತ ಡಾಕ್ಟರ್‌ಗಳು ಹಿಡಿಯೋ ಅಳತೆ. ಆದ್ರೆ ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಅದು ಔಷಧಿ ತಗೊಳ್ದೇ ಬಿಟ್ರೆ ಅಥ್ವಾ ತಗೊಂಡಿದ್ದು ಕೆಲಸ ಮಾಡ್ದೇ ಇದ್ರೆ ಇರೋ ಅವಧಿ. ಅಂದ್ರೆ ಮೂರು ದಿನ ಅನುಭವಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ. ನೋವಿನಲ್ಲೇ ನಿದ್ದೆ ಹೋಗಿ, ಎದ್ದಾಗ ನೋವಿಲ್ಲ ಅಂದ್ರೆ ಎದ್ದ ಟೈಮ್ ತನಕ ಲೆಕ್ಕ. ನಿಮ್ದು ಭಾನುವಾರ ಸಂಜೆಯಿಂದ ಬುಧವಾರ ಬೆಳಿಗ್ಗೆ, ಸುಮಾರು 60 ಗಂಟೆ ಆಯ್ತು.

ಇನ್ನು ನೋವು ಅನ್ನೋದು ನಡುವಿನ ಭಾಗ ಅಷ್ಟೆ. ಕೆಲವರಿಗೆ ಹಿಂದಿನ ದಿನವೇ ಆಕಳಿಕೆ ಮೇಲೆ ಆಕಳಿಕೆ, ಕತ್ತು ಬಿಗಿ, ಸುಮ್ಸುಮ್ನೆ ಸಿಡುಕು, ಸಿಹಿ ತಿನ್ನೋ ಆಸೆ ಇರುತ್ತೆ. ಆಮೇಲೆ ಕೆಲವರಿಗೆ ಮಾತ್ರ ಕಣ್ಣ ಮುಂದೆ ಮಿಂಚೋ ಗೆರೆ, ಹಲ್ಲು ಹಲ್ಲಾಗಿ ಹೊಳೆಯೋ ಅಂಚು ಕಾಣುತ್ತೆ, ಅದಕ್ಕೆ ಆರಾ ಅಂತಾರೆ, ಸಾಮಾನ್ಯವಾಗಿ 5 ನಿಮಿಷದಿಂದ ಒಂದು ಗಂಟೆ. ನೋವು ಹೋದ್ಮೇಲೂ ಒಂದೆರಡು ದಿನ ತಲೆ ಮಂಕು, ಸುಸ್ತು. ನೀವು ಹೆಸರು ತಪ್ಪು ಹೇಳ್ತಿದ್ದಿದ್ದು ಅದೇ, ಅದೂ ಕಾಯಿಲೆದೇ ಭಾಗ, ನಿಮ್ಮ ಗಮನ ಕಮ್ಮಿ ಆಯ್ತು ಅಂತ ಬೇಜಾರು ಮಾಡ್ಕೋಬೇಡಿ.

ನಾನು ಮಾಡಿದ್ದು ಒಂದೇ. ಅಡುಗೆಮನೆ ಗೋಡೇಲಿ ಹಾಲಿನ ಲೆಕ್ಕ, ಸಿಲಿಂಡರ್ ಹಾಕಿದ ದಿನ ಎಲ್ಲ ಬರೆಯೋ ಕ್ಯಾಲೆಂಡರ್ ಇತ್ತಲ್ಲ, ಅದರಲ್ಲೇ ಕೆಂಪು ಪೆನ್ನಲ್ಲಿ ಮೂರು ಟೈಮ್ ಬರೆಯಕ್ಕೆ ಶುರು ಮಾಡ್ದೆ, ನೋವು ಶುರುವಾಗಿದ್ದು, ಮಾತ್ರೆ ತಗೊಂಡಿದ್ದು, ನೋವು ಪೂರ್ತಿ ಹೋಗಿದ್ದು. ಮೂರು ತಿಂಗಳಾದ್ಮೇಲೆ ಸುಮ್ನೆ ಸಾಲಾಗಿ ನೋಡಿದ್ರೆ ಕಣ್ಣಿಗೆ ಹೊಡೆಯೋ ಹಂಗಿತ್ತು, ಶುರುವಾದ ಒಂದು ಗಂಟೆಯೊಳಗೆ ಮಾತ್ರೆ ತಗೊಂಡಿದ್ದೆಲ್ಲ ಐದಾರು ಗಂಟೇಲಿ ಮುಗಿದಿತ್ತು, ನೋಡೋಣ ನೋಡೋಣ ಅಂತ ಕಾದಿದ್ದೆಲ್ಲ ಎರಡು ದಿನ. ಇನ್ನೊಂದು, ಮೈಸೂರ್‌ಪಾಕ್ ತಿಂದಿದ್ದಕ್ಕೇ ಬರುತ್ತೆ ಅಂತ ವರ್ಷಗಟ್ಟಲೆ ಬಿಟ್ಟಿದ್ದೆ. ಬರೆದು ನೋಡಿದ್ರೆ ಆಕಳಿಕೆ ಮೊದಲು ಬರ್ತಿತ್ತು, ಸಿಹಿ ಆಸೆ ಆಮೇಲೆ. ಅಟ್ಯಾಕ್ ಆಗ್ಲೇ ಶುರುವಾಗಿರ್ತಿತ್ತು.

---

ಕಡಲತಡಿ:

ನಾನು ಉಡುಪಿ ಕಡೆ, 14 ವರ್ಷದಿಂದ ಮೆಡಿಕಲ್ ಶಾಪಲ್ಲಿ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ, ಇದು ನೆನಪಿರಲಿ. ಆದ್ರೆ ಕೌಂಟರ್ ಆಚೆ ಕಣ್ಣು ಅರ್ಧ ಮುಚ್ಕೊಂಡು, ಸೆರಗಲ್ಲಿ ಹಣೆ ಒತ್ಕೊಂಡು ನಿಂತವರನ್ನ ದಿನಾ ನೋಡ್ತೇನೆ, ಹೆಚ್ಚಿನವರು ಬರೋದು ಎರಡನೇ ದಿನ.

ಬೇಗ ತಗೊಳ್ಳಿ ಅನ್ನೋದಕ್ಕೆ ಕಾರಣ ಇದೆ. ಮೈಗ್ರೇನ್ ಬಂದಾಗ ಹೊಟ್ಟೆ ಕೆಲಸ ನಿಧಾನ ಆಗ್ತದೆ, ನುಂಗಿದ ಮಾತ್ರೆ ಕರಗಿ ಮುಂದೆ ಕರುಳಿಗೆ ಹೋಗೋದೇ ತಡ, ಕೆಲವೊಮ್ಮೆ ವಾಂತೀಲಿ ಮಾತ್ರೆ ಹಾಗೇ ಹೊರಗೆ ಬಂದದ್ದೂ ಉಂಟು. ಅದಕ್ಕೇ ಡಾಕ್ಟರ್ ನೋವಿನ ಮಾತ್ರೆ ಜೊತೆ ಡೊಂಪೆರಿಡೋನ್ ತರದ್ದು ಒಂದು ಬರೆಯೋದು, ವಾಂತಿನೂ ನಿಲ್ತದೆ, ಹೊಟ್ಟೆನೂ ಮುಂದೆ ತಳ್ತದೆ. ಎರಡನೇದು, ಮುಖ ಮತ್ತು ತಲೆಯ ನೋವು ತಿಳಿಸೋ ನರ ಒಮ್ಮೆ ಕೆರಳಿದ್ರೆ ಗಂಟೆಗಳು ಹೋದ ಹಾಗೆ ಮಿದುಳೂ ಸೂಕ್ಷ್ಮ ಆಗ್ತಾ ಹೋಗ್ತದೆ. ಕೂದಲು ಬಾಚಿದ್ರೆ ನೋವು, ಕನ್ನಡಕ ಹಾಕಿದ್ರೆ ನೋವು, ದಿಂಬಿಗೆ ತಲೆ ತಾಗಿದ್ರೆ ನೋವು, ಆ ಹಂತ ಮುಟ್ಟಿದ ಮೇಲೆ ಯಾವ ಮಾತ್ರೆಯೂ ಮೊದಲಿನಷ್ಟು ಹಿಡಿಯೋದಿಲ್ಲ. ಬಾಚಣಿಗೆ ಮುಟ್ಟಕ್ಕಾಗೋವಾಗ್ಲೇ ಮಾತ್ರೆ ನುಂಗಿ ಅಂತ ನಾನು ಹೇಳೋದು.

ಮೈಗ್ರೇನಿಗೇ ಅಂತ ಇರೋ ಮಾತ್ರೆಗಳು ಬೇರೆ, ಟ್ರಿಪ್ಟಾನ್ ಅಂತ. ನಮ್ಮಲ್ಲಿ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಸಿಗ್ತದೆ, ಡಾಕ್ಟರ್ ಚೀಟಿ ಬೇಕೇ ಬೇಕು. ಹಾರ್ಟ್ ತೊಂದರೆ ಇರುವವರು, ಸ್ಟ್ರೋಕ್ ಆದವರು, ಕಂಟ್ರೋಲಿಗೆ ಬಾರದ ಬಿಪಿ ಇರುವವರು ಅದನ್ನ ತಗೊಳ್ಳುವ ಹಾಗಿಲ್ಲ, ರಕ್ತನಾಳ ಕುಗ್ಗಿಸ್ತದೆ. ಪಕ್ಕದ ಮನೆಯವರ ಸ್ಟ್ರಿಪ್ಪಿಂದ ಒಂದು ಕಡ ತಗೊಳ್ಳೋದು ಖಂಡಿತ ಬೇಡ. ನ್ಯಾಪ್ರೋಕ್ಸೆನ್ ಅನ್ನೋ ನೋವಿನ ಮಾತ್ರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಆಗೋದಿಲ್ಲ, ಖಾಲಿ ಹೊಟ್ಟೇಲೂ ಬೇಡ. ಗರ್ಭಿಣಿ ಆಗಿದ್ರೆ ಯಾವುದನ್ನೂ ಕೇಳದೆ ಮುಟ್ಟಬೇಡಿ. ಪ್ಯಾರಾಸಿಟಮಾಲ್ 500 ಒಂದೇ ಮಾತ್ರೆ ಮೈಗ್ರೇನಿಗೆ ಬಹಳ ಜನಕ್ಕೆ ಸಾಕಾಗೋದಿಲ್ಲ, ನಿಮ್ಮ ತೂಕಕ್ಕೆ, ಲಿವರ್‌ಗೆ ಎಷ್ಟು ಸರಿ ಅಂತ ಕೇಳಿ ತಿಳ್ಕೊಳ್ಳಿ.

ನೋವು ಹೋಗಿ ಅದೇ ರಾತ್ರಿ ಅಥ್ವಾ ಮರುದಿನ ತಿರುಗಿ ಬಂದ್ರೆ ಹೊಸದು ಬಂತು ಅಂತ ಹೆದರಬೇಡಿ, ಹಳೇದೇ ಮಾತ್ರೆಯ ಶಕ್ತಿ ಇಳಿದ ಮೇಲೆ ತಲೆ ಎತ್ತಿದ್ದು. ಆಗ ಎರಡನೇ ಡೋಸ್ ಯಾವಾಗ, ಎಷ್ಟು ಅಂತ ಮೊದಲೇ ಡಾಕ್ಟರ್ ಹತ್ರ ಬರೆಸಿ ಇಟ್ಕೊಳ್ಳಿ.

---

ಜವಾರಿ ಜೋಳ:

ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇ ಐತಿ, ಬೇಗ ತಗೋರಿ. ಆದ್ರ ನಾ ಇನ್ನೊಂದು ಕಡೆ ಬಿದ್ದಾಂವ, ಅದನ್ನೂ ಕೇಳ್ರಿ. ನಾ ಹುಬ್ಬಳ್ಯಾಗ ಟ್ರಾನ್ಸ್‌ಪೋರ್ಟ್ ಆಫೀಸ್‌ನಾಗ ಕೆಲಸ ಮಾಡ್ತೀನಿ, ದಿನಾ ಡೀಸೆಲ್ ವಾಸನಿ, ಹಾರ್ನ್ ಸಪ್ಪಳ. ತಲಿ ನೋಯಾಕತ್ತಿತು ಅಂದ್ರ ಚಾದ ಜೋಡಿ ಒಂದು ತಲಿನೋವಿನ ಗುಳಿಗಿ. ಮೊದಲ ವಾರಕ್ಕೊಂದು, ಆಮ್ಯಾಲೆ ದಿನಾ ಒಂದು, ಕಡಿಕಡಿಕ ಮುಂಜಾನೆ ಎದ್ದ ಕೂಡ್ಲೆ ತಲಿ ನೋಯ್ತಿತ್ತು, ಗುಳಿಗಿ ತಗೊಂಡ್ರ ಮೂರು ತಾಸು ಆರಾಮ, ಮತ್ತ ಸುರು. ಅಟ್ಯಾಕ್ ಯಾವಾಗ ಸುರು ಆತು ಯಾವಾಗ ಮುಗೀತು ಅನ್ನೂದ ಗೊತ್ತಾಗ್ತಿರಲಿಲ್ಲ, ಎರಡು ವರ್ಷ ಹಂಗ ಹೋತು.

ನರದ ಡಾಕ್ಟರ್ ಒಂದ ಪ್ರಶ್ನೆ ಕೇಳಿದ್ರು, ತಿಂಗಳಿಗೆ ಎಷ್ಟು ದಿನ ಗುಳಿಗಿ ತಗೋತೀ? ಎಣಿಸಿದ್ರ 25 ದಿನ. ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗಿ ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಕೂಡಿಸಿದ ಗುಳಿಗಿ 10 ದಿನ, ಹಿಂಗ ಮೂರು ತಿಂಗಳಿಗಿಂತ ಹೆಚ್ಚು ನಡೀತು ಅಂದ್ರ ಗುಳಿಗಿನ ತಲಿನೋವು ತರತೈತಿ ಅಂತ ತಿಳಿಸಿ ಹೇಳಿದ್ರು. ಅವರು ಹೇಳಿದಂಗ ಬಿಟ್ಟೆ. ಮೊದಲ ಹತ್ತು ದಿನ ಭಾಳ ಕಠಿಣ ಆತ್ರಿ, ನಮ್ಮಕಿ ಖಿಡಕಿಗೆಲ್ಲಾ ಕಂಬಳಿ ಕಟ್ಟಿ ಕತ್ತಲ ಮಾಡಿದ್ಳು, ನೀರು ಮಜ್ಜಿಗಿ ಕೊಟ್ಟು ಕುಂತಿರ್ತಿದ್ಳು. ರಾತ್ರಿ ಫ್ಲುನಾರಿಜಿನ್ ಅಂತ ತಡಿಯೂ ಔಷಧ ಸುರು ಮಾಡಿದ್ರು, ಅದು ಎರಡು ದಿನದಾಗ ಗುಣ ಕಾಣ್ಸೂದಲ್ಲ, ನನಗ ಎರಡು ತಿಂಗಳ ಬೇಕಾತು, ನಿದ್ದಿ ಜಾಸ್ತಿ, ತೂಕಾನೂ ನಾಲ್ಕು ಕಿಲೋ ಏರಿತು. ಈಗ ತಿಂಗಳಿಗೆ ಎರಡು ಅಟ್ಯಾಕ್, ಅರ್ಧ ದಿನದಾಗ ಮುಗೀತಾವ.

ಅದಕ್ಕ ಅಕ್ಕಾರ, ಅತ್ತಿಯವರ ಅಂಜಿಕಿ ಪೂರಾ ಸುಳ್ಳಲ್ಲ, ಆದ್ರ ಅದು ಯಾವಾಗಲೂ ತಗೊಳ್ಳಾವರಿಗೆ. ನೀವು ತಿಂಗಳಿಗೆ ಎರಡು ಮೂರು ದಿನ ತಗೊಳ್ಳಾವರು, ಸಹಿಸಿಕೊಂಡು ಕುಂದ್ರಬ್ಯಾಡ್ರಿ.

---

ತುಂಗಾತೀರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಕಣ್ಣಲ್ಲಿ ನೀರು ಬಂತು. ಹಳೇ ಕ್ಯಾಲೆಂಡರ್ ತೆಗೆದು ನೋಡ್ದೆ, ಸಿಎಲ್ ಹಾಕಿದ ದಿನಗಳಿಂದ ಅಟ್ಯಾಕ್ ಡೇಟ್ ಸಿಕ್ತು. ಉದ್ದ ಎಳೆದಿದ್ದು ನಾಲ್ಕಕ್ಕೆ ನಾಲ್ಕೂ ಮುಟ್ಟಿನ ಹಿಂದಿನ ದಿನ ಅಥ್ವಾ ಮೊದಲನೇ ದಿನ ಶುರುವಾಗಿದೆ. ಮಧ್ಯೆ ಬಿಸಿಲಿಗೆ ಬಂದಿದ್ದು ಒಂದೇ ದಿನದಲ್ಲಿ ಹೋಗಿದೆ. ಇದಕ್ಕೂ ಅದಕ್ಕೂ ಸಂಬಂಧ ಇರುತ್ತಾ?

---

ಅಮ್ಮನ_ಮಗಳು:

ಅಕ್ಕ, ಖಂಡಿತ ಇರುತ್ತೆ. ಮುಟ್ಟಿಗೆ ಎರಡು ದಿನ ಮುಂಚಿಂದ ಮೂರನೇ ದಿನದ ತನಕ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಕೆಳಗಿಳಿಯೋ ಹೊತ್ತು, ಆಗ ಬರೋ ಮೈಗ್ರೇನ್ ಉದ್ದನೂ ಇರುತ್ತೆ, ಮಾತ್ರೆಗೆ ಬಗ್ಗೋದೂ ಕಮ್ಮಿ, ಹೋಗಿ ಹೋಗಿ ವಾಪಸ್ ಬರುತ್ತೆ. ಡೇಟ್ ಸರಿಯಾಗಿ ಬರೋರಿಗೆ ಆ ಐದಾರು ದಿನ ಮಾತ್ರ ಮುಂಚೆನೇ ನ್ಯಾಪ್ರೋಕ್ಸೆನ್ ಕೊಡೋ ಪದ್ಧತಿ ಇದೆ, ನನ್ನ ಡಾಕ್ಟರ್ ಕೊಟ್ಟಿದ್ದು ಅದೇ, ನೀವೂ ಈ ಕ್ಯಾಲೆಂಡರ್ ಹಿಡ್ಕೊಂಡೇ ಹೋಗಿ. ಮಿಂಚು ಗೆರೆ ಕಾಣೋ ಮೈಗ್ರೇನ್ ಇದ್ರೆ ಅದನ್ನ ಡಾಕ್ಟರ್‌ಗೆ ಮರೀದೇ ಹೇಳಿ, ಯಾಕಂದ್ರೆ ಅಂಥವರಿಗೆ ಈಸ್ಟ್ರೋಜೆನ್ ಇರೋ ಗರ್ಭನಿರೋಧಕ ಮಾತ್ರೆ ಸ್ಟ್ರೋಕ್ ಅಪಾಯ ಜಾಸ್ತಿ ಮಾಡುತ್ತೆ.

ಆಸ್ಪತ್ರೆ ವಿಷ್ಯ ಯಾರೂ ಹೇಳ್ಲಿಲ್ಲ. 72 ಗಂಟೆ ದಾಟಿದ್ರೆ ಇನ್ನೊಂದು ರಾತ್ರಿ ನೋಡೋಣ ಅನ್ಬೇಡಿ. ನಮ್ಮಮ್ಮಂಗೆ ಒಂದ್ಸಲ ನಾಲ್ಕನೇ ದಿನಕ್ಕೆ ಹೋಯ್ತು, ನೀರು ಕುಡಿದ್ರೂ ವಾಂತಿ, ನಾಲಿಗೆ ಒಣಗಿ ಅಂಟ್ಕೊಂಡಿತ್ತು. ಹತ್ತಿರದ ಆಸ್ಪತ್ರೇಲಿ ಬರೀ ಗ್ಯಾಸ್ ಅಂತ ಕಳಿಸಿದ್ರು, ಬೇರೆ ಕಡೆ ಕರ್ಕೊಂಡು ಹೋದ್ಮೇಲೆ ಡ್ರಿಪ್ ಹಾಕಿ, ವಾಂತಿಗೂ ನೋವಿಗೂ ಇಂಜೆಕ್ಷನ್ ಕೊಟ್ರು, ಮೂರು ಗಂಟೇಲಿ ಅಮ್ಮ ತಿಳಿಸಾರು ಅನ್ನ ಕೇಳಿದ್ರು. ಇನ್ನು ಗಂಟೆ ಎಣಿಸ್ತಾ ಕೂರಲೇಬಾರದ್ದೂ ಇದೆ: ಸಿಡಿಲು ಬಡಿದಂಗೆ ಕ್ಷಣದಲ್ಲಿ ಬಂದ ನೋವು, ಕೈಕಾಲು ಸೋಲೋದು, ಮಾತು ತೊದಲೋದು, ಜ್ವರದ ಜೊತೆ ಕತ್ತು ಬಗ್ಗದೇ ಇರೋದು, ತಲೆಗೆ ಪೆಟ್ಟು ಬಿದ್ಮೇಲೆ ಬಂದಿದ್ದು, 50 ದಾಟಿದವರಿಗೆ ಮೊದಲನೇ ಸಲ ಬಂದಿದ್ದು. ತಕ್ಷಣ ಹೊರಡಿ.

ಮನೇಲಿ ನಿಮ್ಮ ಮಾತು ನಂಬದೇ ಇದ್ರೆ ಇದನ್ನ ಹೇಳಿ, ನಿಮ್ಹಾನ್ಸ್‌ನವರು ಬೆಂಗಳೂರು ಮತ್ತೆ ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನ ಮನೆ ಮನೆಗೆ ಹೋಗಿ ಕೇಳಿದಾಗ ವರ್ಷದಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು, ಹೆಂಗಸರಿಗೆ ಇನ್ನೂ ಜಾಸ್ತಿ. ನಿಮ್ಮ ಸ್ಟಾಫ್ ರೂಮಲ್ಲೇ ಇನ್ನಿಬ್ಬರು ಸುಮ್ನೆ ಸಹಿಸ್ಕೊಂಡು ಕೂತಿರಬಹುದು.

---

ತುಂಗಾತೀರ:

ಎರಡು ತಿಂಗಳಾದ್ಮೇಲೆ ಬರೀತಿದ್ದೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ. ಡಾಕ್ಟರ್ ಹತ್ರ ಹೋದೆ, ಕ್ಯಾಲೆಂಡರ್ ಹಾಳೆನೇ ಕಿತ್ಕೊಂಡು ಹೋಗಿದ್ದೆ, ಅವರು ಹತ್ತು ನಿಮಿಷ ಅದನ್ನೇ ನೋಡಿದ್ರು. ಶುರುವಾದ ತಕ್ಷಣ ಎರಡು ಮಾತ್ರೆ ಬರ್ಕೊಟ್ಟಿದ್ದಾರೆ, ಮುಟ್ಟಿನ ದಿನಗಳಿಗೆ ಬೇರೆ. ಬಿಪಿ, ಇಸಿಜಿ ನೋಡೇ ಬರೆದಿದ್ದು.

ಮೊದಲನೇ ಅಟ್ಯಾಕ್ ಮಂಗಳವಾರ ಸಂಜೆ 5:40ಕ್ಕೆ ಶುರುವಾಯ್ತು, 6ಕ್ಕೆ ಮಾತ್ರೆ, ಲೈಟ್ ಆರಿಸಿ ಮಲಗಿದೆ, ರಾತ್ರಿ ಹತ್ತೂವರೆಗೆ ಎದ್ದು ಮಜ್ಜಿಗೆ ಅನ್ನ ಉಂಡೆ. ಅತ್ತೆನೇ ಬಡಿಸಿದ್ರು. ಬುಧವಾರ ಸ್ಕೂಲಿಗೆ ಹೋದೆ, ಸ್ವಲ್ಪ ಮಂಕಿತ್ತು ಅಷ್ಟೆ. ಎರಡನೇದು ಟ್ರೈನಿಂಗ್ ಅಂತ ಬೇರೆ ಊರಿಗೆ ಹೋದಾಗ ಬಂತು, ಮಾತ್ರೆ ಮನೇಲಿತ್ತು, ಬಸ್ಸಲ್ಲಿ ನಾಲ್ಕು ಗಂಟೆ ಕಿಟಕಿಗೆ ತಲೆ ಆನಿಸಿಕೊಂಡು ಬಂದೆ, ಎರಡು ದಿನ ಹಿಡೀತು. ಈಗ ಒಂದು ಸ್ಟ್ರಿಪ್ ಮನೇಲಿ, ಒಂದು ವ್ಯಾನಿಟಿ ಬ್ಯಾಗಲ್ಲಿ, ಒಂದು ಸ್ಕೂಲಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನ ಮೇಲಿನ ಅರೇಲಿ ಬೀಗ ಹಾಕಿ ಇಟ್ಟಿದ್ದೀನಿ. ಪಕ್ಕದ ಕ್ಲಾಸಿನ ಟೀಚರ್ ಮೊನ್ನೆ ಕೇಳಿದ್ರು, ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಏನ್ ಬರೀತೀರಾ ದಿನಾ ಅಂತ. ಹೇಳ್ದೆ. ಅವರಿಗೂ ಹತ್ತು ವರ್ಷದಿಂದ ಇದ್ಯಂತೆ.