ಅಪ್‌ಡೇಟ್: ಎಸ್‌ಎಂ7ಬಿ ಮೈಕಿನ ಹಿಸ್ ಹೋಯಿತು

ಹೊಸ ಶೂರ್ ಎಸ್‌ಎಂ7ಬಿಗೆ ಇಂಟರ್‌ಫೇಸ್‌ನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಗೇನ್, ಅಂದರೆ ಸಿಗ್ನಲ್ ಏರಿಸುವ ನಾಬ್, ಪೂರ್ತಿ ತಿರುಗಿಸಿದರೆ ಹಿಸ್ (ಸುಯ್ಯೆನ್ನುವ ಸದ್ದು) ಬರುತ್ತದೆ, ಮೈಕ್ ಕೆಟ್ಟಿದೆಯೇ ಎಂದು ಕೇಳಿದ್ದೆ. ಕೆಟ್ಟಿಲ್ಲ. ಅದರ ಔಟ್‌ಪುಟ್ಟೇ ಕಡಿಮೆ, ಸುಮಾರು 60 ಡಿಬಿ ಗೇನ್ ಬೇಕು. ನನ್ನ ಇಂಟರ್‌ಫೇಸ್ ಕೊಡುವುದು 56; ಅದರಲ್ಲೂ ನಾಬ್‌ನ ಕೊನೆಯ ಭಾಗದಲ್ಲಿ ಗದ್ದಲವೇ ಜಾಸ್ತಿ.

ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಕ್ಲೌಡ್‌ಲಿಫ್ಟರ್ ಎಂಬ ಪುಟ್ಟ ಪ್ರಿಆಂಪ್ ಹಾಕಿದೆ, ಸಿಗ್ನಲನ್ನು 25 ಡಿಬಿವರೆಗೆ ಏರಿಸುತ್ತದೆ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ಲಿನಲ್ಲೇ ಇಂಟರ್‌ಫೇಸ್ ಕಳಿಸುವ ವಿದ್ಯುತ್) ಬೇಕೇ ಬೇಕು. ಆ ವೋಲ್ಟೇಜ್ ಮೈಕಿಗೆ ದಾಟುವುದಿಲ್ಲ, ಹೆದರಬೇಡಿ. ಕೇಬಲ್ ಜೋಡಿಸುವಾಗ ಮಾತ್ರ ಫ್ಯಾಂಟಮ್ ಆಫ್, ಸ್ಪೀಕರ್ ಮ್ಯೂಟ್. ಈಗ ಗೇನ್ ಅರ್ಧದಲ್ಲಿದ್ದರೂ ಪೀಕ್ (ದನಿಯ ಅತಿ ಜೋರು ಮಟ್ಟ) -10 ಡಿಬಿ ಆಸುಪಾಸು.

ಕ್ಲೌಡ್‌ಲಿಫ್ಟರ್ ಕೊಳ್ಳುವ ಮೊದಲು ಮೈಕಿಗೆ ಹತ್ತಿರ ಬಂದು ನೋಡಿ: ದೂರ ಅರ್ಧವಾದರೆ ಸುಮಾರು 6 ಡಿಬಿ ಪುಕ್ಕಟೆ. ಬೇಸ್ ಉಬ್ಬಿದರೆ ಮೈಕಿನ ಹಿಂಬದಿಯ, ಬೇಸ್ ತಗ್ಗಿಸುವ ರೋಲ್‌ಆಫ್ ಸ್ವಿಚ್ಚನ್ನು ಪೆನ್ನಿನ ಮೊನೆಯಿಂದ ಸರಿಸಿ.