ಕೇಬಲ್ ವಾಲಿಸಿದರೆ ಮಾತ್ರ ಚಾರ್ಜ್ ಆಗುವ ಫೋನ್: ನಿಮಗೆ ಏನು ಮಾಡಿದಾಗ ಸರಿಹೋಯಿತು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ವರ್ಷ ಹಳೆಯ ಆಂಡ್ರಾಯ್ಡ್ ಫೋನ್, ಟೈಪ್-ಸಿ ಪಾಯಿಂಟ್. ಈಚೆಗೆ ಚಾರ್ಜರ್ ಹಾಕಿದರೆ ಒಮ್ಮೆ ತಗೊಳ್ಳುತ್ತೆ, ಒಮ್ಮೆ ಇಲ್ಲ. ಕೇಬಲನ್ನು ಒಂದು ಕಡೆಗೆ ವಾಲಿಸಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಂತುಹೋಗುತ್ತದೆ. ನಿನ್ನೆಯಿಂದ ಅದೂ ಇಲ್ಲ. ಈಗ 9 ಪರ್ಸೆಂಟ್ ಉಳಿದಿದೆ. ಪರಿಚಯದವರೊಬ್ಬರು ಬ್ಯಾಟರಿ ಹೋಗಿದೆ, ಬದಲಿಸಿಬಿಡಿ ಅಂದರು. ನಿಜಾನಾ? ಇಂಥದ್ದೇ ಅನುಭವ ಆದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ಉತ್ತರ:

ಮೊದಲು ಆ 9 ಪರ್ಸೆಂಟ್ ಇರುವಾಗಲೇ ಮುಖ್ಯವಾದ ಫೋಟೋ, ಫೋನ್ ನಂಬರ್‌ಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಸ್ಕ್ರೀನ್ ಬೆಳಕು ಕಡಿಮೆ ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ಬ್ಯಾಟರಿ ಅಂತ ನನಗೆ ಅನ್ನಿಸುವುದಿಲ್ಲ. ಬ್ಯಾಟರಿ ಹೋದರೆ ಚಾರ್ಜ್ ಬೇಗ ಇಳಿಯುತ್ತದೆ, 30 ಪರ್ಸೆಂಟ್ ಇದ್ದಾಗಲೇ ಫೋನ್ ಪಟ್ಟನೆ ಆಫ್ ಆಗುತ್ತದೆ. ಕೇಬಲ್ ವಾಲಿಸಿದರೆ ಚಾರ್ಜ್ ಆಗೋದು, ಬಿಟ್ಟರೆ ಇಲ್ಲ ಅಂದರೆ ಎಲ್ಲೋ ಪಿನ್ ಸರಿಯಾಗಿ ತಾಗುತ್ತಿಲ್ಲ. ಅದು ಕೇಬಲ್‌ನಲ್ಲಿರಬಹುದು, ಫೋನಿನ ಪಾಯಿಂಟ್‌ನಲ್ಲಿರಬಹುದು.

ನನ್ನ ಫೋನ್‌ಗೂ ಹೀಗೇ ಆಗಿತ್ತು. ಕಾರಣ ಜೇಬಿನ ಧೂಳು. ಒಂದು ಪರೀಕ್ಷೆ ಮಾಡಿ. ಕೇಬಲ್ ಪೂರ್ತಿ ಒಳಗೆ ಹೋಗಿ ಟಕ್ ಅಂತ ಕೂರುತ್ತದೆಯಾ ನೋಡಿ. ಕೂರದೆ ಪ್ಲಗ್‌ನ ಲೋಹದ ಭಾಗ ಕೂದಲೆಳೆಯಷ್ಟು ಹೊರಗೇ ಉಳಿದರೆ, ಅಥವಾ ಫೋನ್ ತಲೆಕೆಳಗೆ ಮಾಡಿದ ತಕ್ಷಣ ಕೇಬಲ್ ಜಾರಿ ಬಿದ್ದರೆ, ಒಳಗೆ ಏನೋ ಇದೆ ಅಂತ ಅರ್ಥ. ಟಾರ್ಚ್ ಬಿಟ್ಟು ನೋಡಿದರೆ ಮೊದಲಿಗೆ ಏನೂ ಕಾಣಿಸುವುದಿಲ್ಲ. ಯಾಕೆಂದರೆ ಬಟ್ಟೆಯ ನೂಲಿನ ಎಳೆ, ಧೂಳು ಎಲ್ಲ ಸೇರಿ ಪಾಯಿಂಟ್‌ನ ತಳದಲ್ಲಿ ಗಟ್ಟಿ ಪದರವಾಗಿ ಕೂತಿರುತ್ತದೆ. ಪ್ರತಿ ಸಲ ಕೇಬಲ್ ಹಾಕಿದಾಗಲೂ ನಾವೇ ಅದನ್ನು ಒಳಕ್ಕೆ ಒತ್ತಿ ಒತ್ತಿ ಇಟ್ಟಿರುತ್ತೇವೆ. ಬೂದು ಬಣ್ಣದ ಆ ಪದರವೇ ಪಾಯಿಂಟ್‌ನ ತಳ ಅಂತ ಕಣ್ಣು ಮೋಸ ಹೋಗುತ್ತದೆ.

ಫೋನ್ ಸ್ವಿಚ್ ಆಫ್ ಮಾಡಿ. ಮರದ ಹಲ್ಲುಕಡ್ಡಿ ತಗೊಳ್ಳಿ, ತುದಿ ದಪ್ಪ ಇದ್ದರೆ ಚಾಕುವಿನಿಂದ ಸ್ವಲ್ಪ ಚಪ್ಪಟೆಯಾಗಿ ಕೆತ್ತಿ. ಟೈಪ್-ಸಿ ಪಾಯಿಂಟ್‌ನ ಮಧ್ಯದಲ್ಲಿ ಒಂದು ತೆಳು ನಾಲಿಗೆ ಇದೆ. ಅದರ ಮೇಲೆ 12, ಕೆಳಗೆ 12, ಒಟ್ಟು 24 ಪಿನ್. ಆ ನಾಲಿಗೆಯ ತಂಟೆಗೆ ಹೋಗಬೇಡಿ. ಕಡ್ಡಿಯನ್ನು ಹೊರಗಿನ ಗೋಡೆಗೆ ಒರಗಿಸಿಕೊಂಡೇ ಒಳಗೆ ಬಿಟ್ಟು, ಮೂಲೆಯಿಂದ ಮೆಲ್ಲಗೆ ಕೆರೆದು ಹೊರಗೆಳೆಯಿರಿ. ಪಾಯಿಂಟ್ ಕೆಳಮುಖವಾಗಿರಲಿ, ಬಿಡಿಸಿದ್ದು ತಾನೇ ಉದುರುತ್ತದೆ. ನನ್ನದರಲ್ಲಿ ಮೊದಲು ಪುಡಿ ಬಂತು. ಆಮೇಲೆ ಒಂದು ಚೂರು ಬಟ್ಟೆಯೇ ಬಂದ ಹಾಗೆ ಇಡೀ ಪದರ ಕಿತ್ತುಕೊಂಡು ಬಂತು. ಕೇಬಲ್ ಹಾಕಿದರೆ ಟಕ್ ಅಂತು.

ಸೂಜಿ, ಗುಂಡುಪಿನ್ನು ಹಾಕಲೇಬೇಡಿ. ಪಿನ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು, ನಾಲಿಗೆ ಮುರಿಯಬಹುದು. ಬಾಯಿಂದ ಊದುವುದೂ ಬೇಡ, ಉಸಿರಿನ ಜೊತೆ ಎಂಜಲೂ ಹೋಗುತ್ತದೆ.

ಉತ್ತರ:

ಮೇಲಿನವರು ಹೇಳಿದ್ದು ಸರಿ, ಆದರೆ ಕಡ್ಡಿ ಹಾಕುವ ಮೊದಲು ಕೇಬಲ್ ಬದಲಿಸಿ ನೋಡಿ. ಅದಕ್ಕೆ ಒಂದು ನಿಮಿಷವೂ ಬೇಡ. ಕೇಬಲ್ ಒಳಗಿನ ತಂತಿ ಮುರಿಯುವುದು ಹೆಚ್ಚಾಗಿ ಪ್ಲಗ್‌ನ ಕುತ್ತಿಗೆಯ ಹತ್ತಿರ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣಿಸುತ್ತಿರುತ್ತದೆ.

ಒಂದೇ ಸಲ ಕೇಬಲ್, ಚಾರ್ಜರ್, ಸಾಕೆಟ್ ಎಲ್ಲ ಬದಲಿಸಬೇಡಿ. ಆಗ ಚಾರ್ಜ್ ಆದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಅದೇ ಚಾರ್ಜರ್, ಬೇರೆ ಕೇಬಲ್. ಆಮೇಲೆ ಅದೇ ಕೇಬಲ್, ಬೇರೆ ಚಾರ್ಜರ್. ಕೊನೆಗೆ ನಿಮ್ಮ ಕೇಬಲ್ ಮತ್ತು ಚಾರ್ಜರನ್ನು ಬೇರೆಯವರ ಫೋನ್‌ಗೆ ಹಾಕಿ. ಅಲ್ಲಿ ಚೆನ್ನಾಗಿ ಚಾರ್ಜ್ ಆದರೆ ತೊಂದರೆ ನಿಮ್ಮ ಫೋನ್‌ನಲ್ಲೇ ಇದೆ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡುವುದನ್ನೂ ಮರೆಯಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಫೋನನ್ನೇ ಬೈದಿದ್ದಾಯಿತು, ಕೊನೆಗೆ ನೋಡಿದರೆ ಲೂಸ್ ಆಗಿದ್ದದ್ದು ಎಕ್ಸ್‌ಟೆನ್ಷನ್ ಬೋರ್ಡಿನ ಸಾಕೆಟ್.

ಇನ್ನೊಂದು ವಿಷಯ. ಟೈಪ್-ಸಿ ಪ್ಲಗ್ ಎರಡೂ ಕಡೆ ಹಾಕಬಹುದಲ್ವಾ, ತಿರುಗಿಸಿ ಹಾಕಿ ನೋಡಿ. ಒಂದು ಕಡೆ ಹಾಕಿದರೆ ಚಾರ್ಜ್ ಆಗಿ, ತಿರುಗಿಸಿದರೆ ಆಗದಿದ್ದರೆ, ಪಾಯಿಂಟ್‌ನ ಒಂದು ಬದಿಯ ಪಿನ್ ಕೊಳೆಯಾಗಿದೆ ಇಲ್ಲವೇ ಸವೆದಿದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಫೋನ್ ಮತ್ತು ಚಾರ್ಜರ್ ಮೊದಲು ಒಂದು ಚಿಕ್ಕ ಪಿನ್ ಮೂಲಕ ಒಬ್ಬರನ್ನೊಬ್ಬರು ಗುರುತಿಸಬೇಕು. ಆ ಪಿನ್ ತಾಗದಿದ್ದರೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ. ಚಾರ್ಜರ್ ಕಡೆ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್‌ನಲ್ಲಿ 5 ವೋಲ್ಟ್ ಯಾವಾಗಲೂ ಇರುತ್ತದೆ. ಹಾಗಾಗಿ ಅಂಥ ಚಾರ್ಜರ್ ಸಿಕ್ಕರೆ ಅದರಲ್ಲೂ ಒಮ್ಮೆ ಪ್ರಯತ್ನಿಸಿ.

ಉತ್ತರ:

ನೀರು ಬಿದ್ದಿತ್ತಾ? ಅದನ್ನು ಯಾರೂ ಕೇಳಲಿಲ್ಲ. ಮಳೆಯಲ್ಲಿ ನೆನೆದಿರುವುದು, ಬೆವರಿದ ಜೇಬು, ಬಚ್ಚಲುಮನೆಯ ಹಬೆ, ಇವೂ ಸಾಕು. ಈಗಿನ ಎಷ್ಟೋ ಫೋನ್‌ಗಳು ಪಾಯಿಂಟ್‌ನಲ್ಲಿ ತೇವ ಕಂಡರೆ ತಾವೇ ಚಾರ್ಜಿಂಗ್ ನಿಲ್ಲಿಸಿ ನೀರಿನ ಹನಿಯ ಗುರುತು ತೋರಿಸುತ್ತವೆ. ಅದು ಒಳ್ಳೆಯದಕ್ಕೇ. ತೇವದ ಪಿನ್‌ಗೆ ಕರೆಂಟ್ ಕೊಟ್ಟರೆ ಅದು ಹಸಿರು ಕಿಲುಬು ಹಿಡಿಯುತ್ತದೆ.

ಪಾಯಿಂಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಜಾಗದಲ್ಲಿ ಇಡಿ. ಅರ್ಧ ಗಂಟೆ ಬಿಟ್ಟು ನೋಡಿ. ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದಂತೂ ಬೇಡವೇ ಬೇಡ. ಅಕ್ಕಿಯ ಸಣ್ಣ ಕಣಗಳು ಒಳಗೆ ಹೋಗಿ ಇನ್ನೊಂದು ತೊಂದರೆ ಮಾಡುತ್ತವೆ ಅಂತ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಬರೆದಿದೆ. ಆದರೂ ಈ ಅಕ್ಕಿ ವೈದ್ಯ ಮಾತ್ರ ನಿಲ್ಲುತ್ತಿಲ್ಲ!

ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನ್ ಆದರೆ, ಹೊರಗೆಲ್ಲ ಒರೆಸಿ ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟು ನೋಡಿ. ಅದರಲ್ಲಿ ಚಾರ್ಜ್ ಆದರೆ ಬ್ಯಾಟರಿ ಸರಿಯಿದೆ, ತೊಂದರೆ ಪಾಯಿಂಟ್ ಕಡೆಗೇ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಉತ್ತರ:

ಮುಂದೆ ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ. ಫೋನ್ ಪೂರ್ತಿ ಆಫ್ ಆಗಿ, ಚಾರ್ಜರ್ ಹಾಕಿದರೂ ಸ್ಕ್ರೀನ್ ಮೇಲೆ ಏನೂ ಬರದಿದ್ದರೆ ಸತ್ತೇಹೋಯಿತು ಅಂತ ಅಂದುಕೊಳ್ಳಬೇಡಿ. ಬ್ಯಾಟರಿ ತೀರಾ ಕೆಳಗೆ ಇಳಿದಿದ್ದರೆ ಫೋನ್ ಮೊದಲು ಬಹಳ ಕಡಿಮೆ ಕರೆಂಟ್ ತೆಗೆದುಕೊಂಡು ಅದನ್ನು ನಿಧಾನವಾಗಿ ಮೇಲೆತ್ತುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಚಿತ್ರವೂ ಕಾಣಿಸದೆ ಇರಬಹುದು. ಅಜ್ಜಿಯ ಫೋನ್ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದು ಹೀಗಾಗಿತ್ತು. ಗೋಡೆಯ ಚಾರ್ಜರ್‌ಗೆ ಹಾಕಿ ಮರೆತುಬಿಟ್ಟೆವು, ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪು ಗೆರೆ ಬಂದಿತ್ತು.

ಅರ್ಧ ಮುಕ್ಕಾಲು ಗಂಟೆ ಕಾದರೂ ಏನೂ ಇಲ್ಲವೆಂದರೆ, ಚಾರ್ಜರ್ ಹಾಕಿದ ಹಾಗೇ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ 10ರಿಂದ 20 ಸೆಕೆಂಡ್ ಒತ್ತಿ ಹಿಡಿಯಿರಿ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಿಗೆ ಇದು ಬಲವಂತದ ರೀಸ್ಟಾರ್ಟ್. ಐಫೋನ್ 8 ಮತ್ತು ಅದರ ನಂತರದವಕ್ಕೆ ಬೇರೆ ಕ್ರಮ: ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿ ಬಿಡಿ, ಕಡಿಮೆ ಮಾಡುವುದನ್ನು ಒತ್ತಿ ಬಿಡಿ, ಆಮೇಲೆ ಪಕ್ಕದ ಬಟನ್ ಅನ್ನು ಆಪಲ್ ಗುರುತು ಬರುವ ತನಕ ಹಿಡಿಯಿರಿ.

ಕಂಪ್ಯೂಟರ್‌ಗೆ ಹಾಕಿ ಕಾಯಬೇಡಿ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್ ಅಷ್ಟೇ. ಸ್ಕ್ರೀನ್ ಆನ್ ಇದ್ದರೆ ಬಂದದ್ದೆಲ್ಲ ಅಲ್ಲೇ ಖರ್ಚು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನೀರು ಬಿದ್ದಿಲ್ಲ. ಬೇರೆ ಕೇಬಲ್, ಬೇರೆ ಚಾರ್ಜರ್ ಒಂದೊಂದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ನನ್ನ ಕೇಬಲ್‌ನಲ್ಲಿ ತಂಗಿಯ ಫೋನ್ ಚೆನ್ನಾಗಿ ಚಾರ್ಜ್ ಆಯಿತು. ಆಮೇಲೆ ಹಲ್ಲುಕಡ್ಡಿ. ಇಷ್ಟೊಂದು ಕಸ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಇತ್ತೋ! ಈಗ ಕೇಬಲ್ ಪೂರ್ತಿ ಒಳಗೆ ಹೋಗುತ್ತದೆ, ಕೈ ಬಿಟ್ಟರೂ ಚಾರ್ಜ್ ಆಗುತ್ತಿದೆ. ಆದರೆ ಒಂದು ತೊಂದರೆ ಉಳಿದಿದೆ. ಮೊದಲು ಫಾಸ್ಟ್ ಚಾರ್ಜಿಂಗ್ ಅಂತ ತೋರಿಸುತ್ತಿತ್ತು, ಈಗ ಬರೀ ಚಾರ್ಜಿಂಗ್ ಅಂತ ಬರುತ್ತದೆ. ಬಹಳ ನಿಧಾನ. ಕೇಬಲ್ ಅಲುಗಿದರೆ ಆಗೊಮ್ಮೆ ಈಗೊಮ್ಮೆ ಕಟ್ ಆಗುವುದೂ ಇದೆ.

ಉತ್ತರ:

ನಾನು ಫೋನ್ ರಿಪೇರಿ ಕೆಲಸ ಮಾಡುವವನು. ಅರ್ಧ ಕೆಲಸ ನೀವೇ ಮುಗಿಸಿದ್ದೀರಿ, ಇನ್ನು ಉಳಿದದ್ದು ಹೇಳುತ್ತೇನೆ.

ಫಾಸ್ಟ್ ಚಾರ್ಜಿಂಗ್ ಬರದಿರಲು ಮೊದಲ ಕಾರಣ ಕೇಬಲ್. ಕೆಲವು ಕಂಪನಿಗಳ ಫಾಸ್ಟ್ ಚಾರ್ಜಿಂಗ್ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ ನಡೆಯುತ್ತದೆ. ಫೋನ್ ಜೊತೆ ಬಂದ ಜೋಡಿಯನ್ನೇ ಹಾಕಿ ನೋಡಿ. ಅದರಲ್ಲೂ ನಿಧಾನ ಅಂದರೆ ಪಿನ್ ಕಡೆ ಬರೋಣ. ಬರೀ 5 ವೋಲ್ಟ್ ಬರಲು ಕೆಲವೇ ಪಿನ್ ಸಾಕು, ಫಾಸ್ಟ್ ಚಾರ್ಜಿಂಗ್ ಮಾತುಕತೆಗೆ ಬೇರೆ ಪಿನ್‌ಗಳೂ ತಾಗಬೇಕು. ಪದರ ತೆಗೆದ ಮೇಲೂ ಪಿನ್ ಮೇಲೆ ಜಿಡ್ಡು ಉಳಿದಿರುತ್ತದೆ. ಫೋನ್ ಆಫ್ ಮಾಡಿ, ಮೆತ್ತನೆಯ ಸಣ್ಣ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಸ್ವಲ್ಪ ತಾಗಿಸಿ ಒಳಗೆ ಒಂದೆರಡು ಸಲ ಆಡಿಸಿ. ತೊಟ್ಟಿಕ್ಕುವಷ್ಟು ಬೇಡ. ಪೂರ್ತಿ ಆರಿದ ಮೇಲೆ ಚಾರ್ಜರ್ ಹಾಕಿ.

ಫೋನ್ ಸ್ವಿಚ್ ಆಫ್ ಮಾಡಿಯೂ ಚಾರ್ಜ್ ಮಾಡಿ ನೋಡಿ. ಆಫ್ ಇದ್ದಾಗ ಸರಸರ ಏರಿ, ಆನ್ ಇದ್ದಾಗ ಏರದಿದ್ದರೆ ಯಾವುದೋ ಆಪ್ ಒಳಗಿಂದೊಳಗೆ ತಿನ್ನುತ್ತಿದೆ. ನಾವು ಹಾಕಿಕೊಂಡ ಆಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಹಾಕಿ ನೋಡಿದರೆ ಅದು ಖಚಿತವಾಗುತ್ತದೆ.

ಇಷ್ಟಾದರೂ ಅಲುಗಿದರೆ ಕಟ್ ಆಗುತ್ತಿದೆ ಅಂದರೆ ಪಾಯಿಂಟ್ ಸವೆದಿದೆ. ಇದಕ್ಕೆ ಹೆದರಬೇಕಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಕೆಳಗಡೆ ಬೇರೆಯೇ ಒಂದು ಸಣ್ಣ ಬೋರ್ಡಿನಲ್ಲಿರುತ್ತದೆ. ಅದನ್ನು ನಾವು ಸಬ್ ಬೋರ್ಡ್ ಅನ್ನುತ್ತೇವೆ. ಸ್ಕ್ರೂ ಬಿಚ್ಚಿ, ಪಟ್ಟಿಯಂಥ ಕನೆಕ್ಟರ್ ತೆಗೆದು, ಹೊಸದು ಕೂರಿಸಿದರೆ ಆಯಿತು. ಮೈಕ್ ಕೂಡ ಅನೇಕ ಮಾಡೆಲ್‌ಗಳಲ್ಲಿ ಅದೇ ಬೋರ್ಡಿನ ಮೇಲಿರುತ್ತದೆ. ಆದ್ದರಿಂದ ಬದಲಿಸಿದ ಮೇಲೆ ಅಲ್ಲೇ ಒಂದು ಕಾಲ್ ಮಾಡಿ ದನಿ ಕೇಳುತ್ತಾ ನೋಡಿಕೊಳ್ಳಿ. ಕೆಲವು ಫೋನ್‌ಗಳಲ್ಲಿ ಪಾಯಿಂಟ್ ಮುಖ್ಯ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಅದಕ್ಕೆ ಕೈ ಪಳಗಿದವರೇ ಬೇಕು. ಚಾರ್ಜಿಂಗ್ ನೋಡಿಕೊಳ್ಳುವ ಚಿಪ್, ಅಂದರೆ ಚಾರ್ಜಿಂಗ್ ಐಸಿ, ಹೋಗಿದ್ದರೆ ಅದೂ ಬೋರ್ಡ್ ಕೆಲಸವೇ, ಖರ್ಚು ಜಾಸ್ತಿ. ಹಾಗಾಗಿ ಯಾರಾದರೂ ನೋಡಿದ ಕೂಡಲೇ ಬೋರ್ಡ್ ಹೋಗಿದೆ ಅಂದರೆ, ಬೇರೆ ಸಬ್ ಬೋರ್ಡ್ ಹಾಕಿ ನೋಡಿದಿರಾ ಅಂತ ಕೇಳಿ.

ಬ್ಯಾಟರಿ ವಿಷಯ ಬಂದಿದ್ದಕ್ಕೆ ಒಂದು ಮಾತು. ಹಿಂಬದಿಯ ಮುಚ್ಚಳ ಎದ್ದಿದೆಯಾ, ಸ್ಕ್ರೀನ್ ಅಂಚಿನಲ್ಲಿ ಬಿರುಕು ಬಿಟ್ಟ ಹಾಗೆ ಸಂದು ಕಾಣುತ್ತದೆಯಾ, ಮೇಜಿನ ಮೇಲಿಟ್ಟರೆ ಫೋನ್ ಗಿರಗಿರ ತಿರುಗುತ್ತದೆಯಾ ನೋಡಿ. ಹಾಗಿದ್ದರೆ ಬ್ಯಾಟರಿ ಉಬ್ಬಿದೆ. ಆ ಕ್ಷಣವೇ ಚಾರ್ಜ್ ಮಾಡುವುದು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ನೀವೇ ಬಿಚ್ಚಬೇಡಿ. ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹತ್ತಬಹುದು. ಅದೊಂದು ವಿಷಯದಲ್ಲಿ ಮಾತ್ರ ನಾನು ಯಾರಿಗೂ ಮನೆಯಲ್ಲೇ ಮಾಡಿ ನೋಡಿ ಅನ್ನುವುದಿಲ್ಲ.

ಉತ್ತರ:

ನಿಧಾನ ಅಂದಿರಿ. ಫೋನ್ ಬಿಸಿ ಇರುತ್ತದಾ? ಬಿಸಿಯಾದರೆ ಫೋನ್ ತಾನೇ ಕರೆಂಟ್ ಇಳಿಸುತ್ತದೆ, ತೀರಾ ಬಿಸಿಯಾದರೆ ನಿಲ್ಲಿಸಿಯೇ ಬಿಡುತ್ತದೆ. ದಪ್ಪ ಕವರ್ ತೆಗೆದು, ಗೇಮ್ ಆಡದೆ, ಬಿಸಿಲಿನಿಂದ ದೂರ ಇಟ್ಟು ಚಾರ್ಜ್ ಮಾಡಿ. ಕೊರೆಯುವ ಚಳಿಯಲ್ಲೂ ಹಾಗೇ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವಂತಿಲ್ಲ.

80 ಪರ್ಸೆಂಟ್‌ಗೆ ಬಂದು ನಿಂತರೆ ಅದು ಕೆಟ್ಟಿದ್ದಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಕಾಪಾಡುವ ಆಯ್ಕೆ ಆನ್ ಇರುತ್ತದೆ ಅಷ್ಟೇ. ಕೆಲವು ಫೋನ್‌ಗಳಲ್ಲಿ ಫಾಸ್ಟ್ ಚಾರ್ಜಿಂಗ್ ಆಫ್ ಮಾಡುವ ಸ್ವಿಚ್ಚೂ ಅಲ್ಲೇ ಇದೆ, ಒಮ್ಮೆ ನೋಡಿ.

ಕೇಳಿದವರು:

ಸೆಟ್ಟಿಂಗ್ಸ್‌ನಲ್ಲಿ ಫಾಸ್ಟ್ ಚಾರ್ಜಿಂಗ್ ಆನ್ ಆಗಿಯೇ ಇತ್ತು. ಬಿಸಿಯೂ ಇಲ್ಲ. ಬ್ರಷ್ ಆಡಿಸಿದ ಮೇಲೆ ಫೋನ್ ಜೊತೆ ಬಂದ ಚಾರ್ಜರ್, ಕೇಬಲ್ ಹಾಕಿದೆ. ಒಂದು ಕಡೆ ಹಾಕಿದರೆ ಫಾಸ್ಟ್ ಚಾರ್ಜಿಂಗ್ ಬರುತ್ತದೆ, ತಿರುಗಿಸಿ ಹಾಕಿದರೆ ಬರುವುದಿಲ್ಲ. ಅಲುಗಿದರೆ ಕಟ್ ಆಗುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅಂದರೆ ಸಬ್ ಬೋರ್ಡ್ ಅಲ್ವಾ? ಕೊಡುವ ಮೊದಲು ಏನಾದರೂ ಗಮನಿಸಬೇಕಾ?

ಉತ್ತರ:

ಹೌದು, ಪಾಯಿಂಟೇ. ಅವಸರವಿಲ್ಲ, ಸದ್ಯಕ್ಕೆ ಫಾಸ್ಟ್ ಚಾರ್ಜಿಂಗ್ ಬರುವ ಕಡೆ ಪ್ಲಗ್ ಮೇಲೆ ಒಂದು ಚುಕ್ಕೆ ಇಟ್ಟುಕೊಂಡು ಹಾಗೇ ಬಳಸಿ. ಕೊಡುವಾಗ ಎಲ್ಲವನ್ನೂ ಬ್ಯಾಕಪ್ ಮಾಡಿಟ್ಟುಕೊಳ್ಳಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಪಾಯಿಂಟ್ ಬದಲಿಸಲು ಸ್ಕ್ರೀನ್ ಲಾಕ್ ಬೇಕಾಗುವುದಿಲ್ಲ, ಪಾಸ್‌ವರ್ಡ್ ಕೇಳಿದರೆ ಯಾಕೆ ಅಂತ ವಿಚಾರಿಸಿ. ನೀರು ತಡೆಯುವ ಫೋನ್ ಆಗಿದ್ದರೆ ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಅಂಟು ಮೊದಲಿನ ಹಾಗಿರುವುದಿಲ್ಲ, ಆಮೇಲೆ ನೀರಿನ ಹತ್ತಿರ ಜಾಗ್ರತೆ. ವಾಪಸ್ ತಗೊಳ್ಳುವಾಗ ಪ್ಲಗ್ ಎರಡೂ ಕಡೆ ಹಾಕಿ, ಎರಡರಲ್ಲೂ ಫಾಸ್ಟ್ ಚಾರ್ಜಿಂಗ್ ಬರುತ್ತದೆ ಅಂತ ನೋಡಿಯೇ ಹಣ ಕೊಡಿ.