ಗೋಡೆಯಾಚೆಯ ಜಾಗ, ನಮ್ಮ ಗಟಾರ

14ನೇ ಮನೆ, ಬೆಳಗ್ಗೆ 5:40
ರಾತ್ರಿ ಎರಡು ಗಂಟೆಗೆ ಮತ್ತೆ ಮನೆಯೊಳಗೆ ನೀರು. ಅಮ್ಮನನ್ನು ಮಂಚದ ಮೇಲೆ ಕೂರಿಸಿ ಬೆಳಗಿನವರೆಗೂ ಬಕೆಟ್‌ನಲ್ಲಿ ನೀರು ಹೊರಗೆ ಹಾಕಿದೆ. ಒಂದು ಚೀಲ ಅಕ್ಕಿ ಪೂರ್ತಿ ಹೋಯಿತು. ಮಿಲಿಟರಿ ಗೋಡೆ ಬುಡದಲ್ಲಿ ನೀರು ಹೋಗುವ ಕಿಂಡಿ ಮುಚ್ಚಿದ್ದು ಯಾರು? ಈ ಸಲ ನಾನು ಸುಮ್ನೆ ಬಿಡುವುದಿಲ್ಲ.

9ನೇ ಮನೆ
ನಮ್ಮಲ್ಲೂ ಮೆಟ್ಟಿಲವರೆಗೆ ಬಂದಿತ್ತು ಅಕ್ಕಾ.

3ನೇ ಮನೆ
ಕಿಂಡಿ ಬಿಡಿ. 17ರವರು ಗಟಾರದ ಮೇಲೆ ಸ್ಲ್ಯಾಬ್ ಹಾಕಿ ಬೈಕ್ ನಿಲ್ಲಿಸುತ್ತಾರೆ. ಮೂರು ವರ್ಷದಿಂದ ಹೇಳುತ್ತಿದ್ದೇನೆ.

17ನೇ ಮನೆ
ಸ್ಲ್ಯಾಬ್ ಕೆಳಗೆ ಎರಡು ಅಡಿ ಜಾಗ ಇದೆ. ನಿಮ್ಮ ತೆಂಗಿನ ಗರಿ ಎಲ್ಲಿ ಬೀಳುತ್ತದೆ ಅಂತ ಮೊದಲು ನೋಡಿ.

3ನೇ ಮನೆ
ಗರಿ ವಿಷಯ ಎತ್ತಬೇಡಿ!!

5ನೇ ಮನೆ (ಫಾರ್ವರ್ಡ್)
ಸಿಹಿ ಸುದ್ದಿ! ಮಿಲಿಟರಿಯ ಹೆಚ್ಚುವರಿ ಜಾಗ, ಖಾಲಿ ಕ್ವಾರ್ಟರ್ಸ್ ಮಾರಾಟ. ಹಳೆ ಮಾಲೀಕರಿಗೆ ಹಳೆ ದರ. 20 ಜನರಿಗೆ ಕಳಿಸಿ.

3ನೇ ಮನೆ
ನೋಡಿ! ಗೋಡೆಯಾಚೆ ಮಿಲಿಟರಿ ತೆಗೆದುಕೊಂಡದ್ದು ನಮ್ಮದೇ ಜಾಗ. ವಾಪಸ್ ಸಿಕ್ಕರೆ ಗಟಾರ ನಾವೇ ತೋಡಿಕೊಳ್ಳಬಹುದು. ಎಲ್ಲರೂ ಅವಾರ್ಡ್ ಕಾಪಿ, ಅಂದರೆ ಜಾಗ ಹೋದಾಗಿನ ಪರಿಹಾರದ ಆದೇಶ, ಹುಡುಕಿಡಿ.

11ನೇ ಮನೆ, ಮಾಸ್ತರರು
ಆ ಫಾರ್ವರ್ಡ್ ನಂಬಬೇಡಿ. ಆದೇಶದ ನಂಬರ್ ಇಲ್ಲ, ತಾರೀಖೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯ 101ನೇ ಕಲಮು, ಐದು ವರ್ಷ ಬಳಸದ ಜಾಗ ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಹೋಗಬೇಕು ಅನ್ನುತ್ತದೆ. ಆ 'ಅಥವಾ' ಗಮನಿಸಿ. ನಮ್ಮ ಜಾಗ ಹೋಗಿದ್ದಂತೂ 1894ರ ಹಳೆ ಕಾಯ್ದೆಯಲ್ಲಿ. ಹಾಗೆ ಪಡೆದ ಜಾಗ ಉಳಿದರೆ ಬಹಿರಂಗ ಹರಾಜು ಹಾಕಿ ಅಂತ 1997ರಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆ ದರಕ್ಕೆ ಯಾರೂ ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಕ್ರಿಚೆಲ್ ಡೌನ್ ಅಂತ ಒಂದು ಜಾಗ. ಬಾಂಬ್ ಅಭ್ಯಾಸಕ್ಕೆ ತೆಗೆದುಕೊಂಡ 725 ಎಕರೆಯನ್ನು ಹಳಬರಿಗೆ ಕೊಡದೆ ಸರ್ಕಾರವೇ ಇಟ್ಟುಕೊಂಡಿತು. ಗಲಾಟೆ ಎದ್ದು 1954ರಲ್ಲಿ ಮಂತ್ರಿಯೇ ರಾಜೀನಾಮೆ ಕೊಟ್ಟ. ಈಗ ಅಲ್ಲಿ ಬೇಡವಾದ ಜಾಗವನ್ನು ಮೊದಲು ಹಳೆ ಮಾಲೀಕರಿಗೇ ಕೇಳಬೇಕು. ಆದರೆ ಇವತ್ತಿನ ಮಾರುಕಟ್ಟೆ ದರಕ್ಕೆ. ನಮಗೆ ಬೇಕಾದದ್ದು ಅದೇ, ಮೊದಲು ನಮ್ಮನ್ನು ಕೇಳುವ ಹಕ್ಕು. ನನ್ನ ಅಪ್ಪ ಸಾಯುವವರೆಗೂ ಅರಗಾ ಊರಿನಲ್ಲಿ ಹೋದ ಗದ್ದೆಯನ್ನು ನೆನೆಸುತ್ತಿದ್ದರು.

5ನೇ ಮನೆ
ಕ್ವಾರ್ಟರ್ಸ್ ಆದರೂ ಮಾರಲಿ ಮಾಸ್ತರೇ. ಖಾಲಿ ಬಿದ್ದು ಏನು ಪ್ರಯೋಜನ?

11ನೇ ಮನೆ, ಮಾಸ್ತರರು
ಅದೂ ಯೋಚಿಸಿ ಮಾಡಬೇಕು. ಬ್ರಿಟನ್ 1996ರಲ್ಲಿ ಸೈನಿಕರ 57,000ಕ್ಕೂ ಹೆಚ್ಚು ಮನೆಗಳನ್ನು ಸುಮಾರು 166 ಕೋಟಿ ಪೌಂಡಿಗೆ ಒಂದು ಕಂಪನಿಗೆ ಮಾರಿತು. ಆಮೇಲೆ ಅವನ್ನೇ ಬಾಡಿಗೆಗೆ ಪಡೆಯಿತು. ಅವುಗಳಲ್ಲಿ 36,347 ಮನೆಗಳನ್ನು ಮತ್ತೆ ಕೊಳ್ಳಲು ಸುಮಾರು 600 ಕೋಟಿ ಪೌಂಡ್ ಕೊಡಬೇಕಾಯಿತು.

14ನೇ ಮನೆ
ಮಾಸ್ತರೇ, ನೀವು ಹೇಳುವುದೆಲ್ಲ ಸರಿ. ನನ್ನ ಮನೆಯಲ್ಲಿ ಇನ್ನೂ ಕೆಸರಿದೆ. ಭಾನುವಾರ ಏಳು ಗಂಟೆಗೆ ಹಾರೆ, ಗುದ್ದಲಿ ತನ್ನಿ. ಕಿಂಡಿ ಬಿಡಿಸೋಣ.

3ನೇ ಮನೆ
ಭಾನುವಾರ ಮೊದಲು ಜಾಗದ ಮೀಟಿಂಗ್. ಅವಾರ್ಡ್ ಕಾಪಿ ಇಲ್ಲದವರ ಹೆಸರು ನಾನು ಬರೆದುಕೊಳ್ಳುತ್ತೇನೆ.

9ನೇ ಮನೆ
ಭಾನುವಾರ ನಮಗೆ ಅಂಕೋಲೆಯಲ್ಲಿ ಮದುವೆ ಇದೆ.

17ನೇ ಮನೆ
ಸ್ಲ್ಯಾಬ್ ಬಗ್ಗೆ ಕ್ಷಮೆ ಕೇಳದೆ ನಾನು ಬರುವುದಿಲ್ಲ.

6ನೇ ಮನೆ, ಸಂಜೆ 6:15
ಕರೆಂಟ್ ಹೋಯ್ತು. ನಿಮ್ಮಲ್ಲಿ?

3ನೇ ಮನೆ
ನಮ್ಮಲ್ಲೂ ಇಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರ ಕೊಂಬೆ ಬಿದ್ದಿದೆ. ಲೈನ್‌ಮನ್ ನಂಬರ್ ಯಾರ ಹತ್ತಿರ ಇದೆ?

9ನೇ ಮನೆ
ಕಳಿಸುತ್ತೇನೆ ಭಾವಾ, ತಡೀರಿ.

14ನೇ ಮನೆ
ಮೋಡ ಮತ್ತೆ ಕಟ್ಟಿದೆ. ಯಾರಾದರೂ ಒಂದು ಹಾರೆ ಕೊಡುತ್ತೀರಾ?

6ನೇ ಮನೆ
ಲೈನ್‌ಮನ್ ಫೋನ್ ಎತ್ತುತ್ತಿಲ್ಲ. ಎಲ್ಲರೂ ಒಮ್ಮೆ ಮಾಡಿ ನೋಡಿ.